ಪ್ರಾಣಾಪಾಯದಿಂದ ಪಾರು... ಆಮೇಲೆ?

ನಮ್ಮ ನ್ಯೂಸ್‌ರೂಮಿನಲ್ಲಿ ಒಂದು ಸಾಲು ಇದೆ. ದಿನಕ್ಕೆ ಒಂದು ಸಲವಾದ್ರೂ ನಾನು ಅದನ್ನ ಓದ್ತೀನಿ. 'ಕಾರು-ಲಾರಿ ಮುಖಾಮುಖಿ ಡಿಕ್ಕಿ. ಗಾಯಾಳುಗಳು ಆಸ್ಪತ್ರೆಗೆ ದಾಖಲು. ಪ್ರಾಣಾಪಾಯದಿಂದ ಪಾರು.' ಅಷ್ಟೇ. ಹೆಚ್ಚೆಂದರೆ ಎಂಟು ಸೆಕೆಂಡ್. ಪರದೆ ಮೇಲೆ ನಜ್ಜುಗುಜ್ಜಾದ ಕಾರು, ರಸ್ತೆ ತುಂಬ ಗಾಜಿನ ಚೂರು. ಆಮೇಲೆ ಮುಂದಿನ ಸುದ್ದಿ. ಪಾರಾದ್ರು ಅಂದ ಮೇಲೆ ಮುಗೀತಲ್ಲ?

ಒಂದು ದಿನ ಆ ಸಾಲನ್ನ ನಾನು ನನ್ನ ಸ್ವಂತ ಸೋದರಮಾವನ ಬಗ್ಗೆಯೇ ಓದಿದ್ದೆ. ಓದುವಾಗ ನನಗೆ ಗೊತ್ತಿರಲಿಲ್ಲ. ಅರಸೀಕೆರೆ ಹತ್ತಿರ ಅಪಘಾತ, ಮೂವರಿಗೆ ಗಾಯ ಅಂತ ಪ್ರಾಂಪ್ಟರ್‌ನಲ್ಲಿ ಬಂತು, ಓದಿದೆ. ಬುಲೆಟಿನ್ ಮುಗಿಸಿ ಫೋನ್ ತೆಗೆದರೆ ಅಮ್ಮನ ಹನ್ನೊಂದು ಮಿಸ್ಡ್ ಕಾಲ್.

ಮಾವನ ಜೀವಕ್ಕೆ ಏನೂ ಆಗಲಿಲ್ಲ. ಎಡಗಾಲಿನ ತೊಡೆ ಮೂಳೆ ಎರಡು ತುಂಡಾಗಿತ್ತು. ಆಪರೇಷನ್ ಮಾಡಿ ಮೂಳೆಯೊಳಗೆ ರಾಡ್ ಹಾಕಿದರು. ಒಂಬತ್ತನೇ ದಿನ ಡಿಸ್ಚಾರ್ಜ್. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ತಿಪಟೂರಿನ ಮನೆಯಲ್ಲಿ ಅತ್ತೆ ಅವರನ್ನ ಮಗುವಿನ ಹಾಗೆ ನೋಡಿಕೊಂಡರು. ಹಾಸಿಗೆ ಬಿಟ್ಟು ಏಳೋಕೆ ಬಿಡಲಿಲ್ಲ. ಕಾಲು ನೋಯಬಾರದು ಅಂತ ಮಂಡಿ ಕೆಳಗೆ ಮೆತ್ತನೆ ದಿಂಬು ಇಟ್ಟರು. ನಾನು ಎರಡು ಸಲ ಹಣ್ಣು ತಗೊಂಡು ಹೋದೆ. ಎರಡು ಸಲವೂ ಒಂದೇ ಮಾತು ಹೇಳಿದೆ: "ಏನೂ ಯೋಚನೆ ಮಾಡ್ಬೇಡಿ ಮಾವ, ಚೆನ್ನಾಗಿ ರೆಸ್ಟ್ ಮಾಡಿ."

ಮೂರು ತಿಂಗಳಾದ ಮೇಲೆ ಎಕ್ಸ್-ರೇ ತೆಗೆಸಿದರು. ಮೂಳೆ ಚೆನ್ನಾಗಿ ಕೂಡ್ತಾ ಇತ್ತು. ಆದರೆ ಮಾವನಿಗೆ ನಡೆಯೋಕೆ ಆಗ್ತಿರಲಿಲ್ಲ. ಮಂಡಿ ಪೂರ್ತಿ ನೆಟ್ಟಗಾಗ್ತಿರಲಿಲ್ಲ, 50 ಡಿಗ್ರಿಗಿಂತ ಹೆಚ್ಚು ಮಡಚ್ತಾನೂ ಇರಲಿಲ್ಲ. ತೊಡೆ ಸಣ್ಣಗಾಗಿ ಕೋಲಿನ ಹಾಗೆ ಕಾಣ್ತಿತ್ತು. ಅವತ್ತು ಮಾವ ನನ್ನನ್ನ ಕೇಳಿದ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ: "ಏನಪ್ಪಾ ಇಂಜಿನಿಯರ್ರೇ, ಮೂಳೆ ಸರಿಯಾಗೈತಂತೆ. ಕಾಲ್ಯಾಕೆ ಸರಿಯಾಗಿಲ್ಲ?"

ಮನೆಗೆ ಬಂದು ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದೆ. ಮಾತ್ರೆಗಳ ಪಟ್ಟಿಯ ಕೆಳಗೆ, ಕೊನೆಯ ಸಾಲಿನಲ್ಲಿ, 'ಫಿಸಿಯೋಥೆರಪಿ ಮುಂದುವರಿಸುವುದು' ಅಂತ ಇತ್ತು. ಬಿಡಿಸಿ ಹೇಳಿದವರು ಯಾರೂ ಇಲ್ಲ. ಓದಿದವರೂ ಯಾರೂ ಇಲ್ಲ. ದಿನಾ ಲಕ್ಷಾಂತರ ಜನರ ಮುಂದೆ ಸುದ್ದಿ ಓದುವ ನಾನು, ನನ್ನ ಮನೆಯ ಆ ಒಂದು ಸಾಲನ್ನ ಓದಿರಲಿಲ್ಲ.

ಇದು ಒಬ್ಬರ ಮನೆ ಕಥೆ ಅಲ್ಲ ವೀಕ್ಷಕರೇ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಲೆಕ್ಕ ನೋಡಿ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತ. ಸತ್ತವರು 1,68,491. ಈ ಸಂಖ್ಯೆಯನ್ನ ನಾವು ಟಿವಿಯಲ್ಲಿ ದೊಡ್ಡದಾಗಿ ತೋರಿಸ್ತೀವಿ, ತೋರಿಸಲೇಬೇಕು. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇದೆ. ಗಾಯಗೊಂಡವರು 4,43,366. ಇವರೆಲ್ಲ ನಮ್ಮ ಭಾಷೆಯಲ್ಲಿ 'ಪಾರಾದವರು'. ಪಾರಾದ ಮೇಲೆ ಅವರು ಎದ್ದು ನಡೆದರಾ, ಕೆಲಸಕ್ಕೆ ಹೋದರಾ ಅನ್ನೋದನ್ನ ನಾವು ಕೇಳೋದೇ ಇಲ್ಲ.

ಈಗ ಮಾವನ ಪ್ರಶ್ನೆಗೆ ಬರೋಣ. ಮೂಳೆ ಸರಿಯಾದ್ರೆ ಕಾಲು ಸರಿಯಾಗಬೇಕಲ್ವಾ?

ಮನೆ ಕಟ್ಟಿಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಆರ್‌ಸಿಸಿ ಮೌಲ್ಡ್ ಹಾಕೋ ದಿನ ಮನೇಲಿ ಹಬ್ಬ. ಮಿಕ್ಸರ್ ಸದ್ದು, ಇಪ್ಪತ್ತು ಜನ ಆಳು, ಸಂಜೆ ಎಲ್ಲರಿಗೂ ಊಟ. ಒಂದೇ ದಿನದ ಕೆಲಸ. ಮಾರನೇ ದಿನದಿಂದ ಏನು? ಕ್ಯೂರಿಂಗ್. ಮಣ್ಣಿನಲ್ಲೋ ಸಿಮೆಂಟಿನಲ್ಲೋ ಸಣ್ಣ ಕಟ್ಟೆ ಕಟ್ಟಿ, ಬೆಳಗ್ಗೆ ಸಂಜೆ ನೀರು ಬಿಡಬೇಕು. ಹಬ್ಬ ಇಲ್ಲ, ಫೋಟೋ ಇಲ್ಲ, ಬೇಜಾರಿನ ಕೆಲಸ. ಆದ್ರೆ ಅದನ್ನ ಬಿಟ್ಟರೆ ಎಷ್ಟೇ ಒಳ್ಳೆ ಸಿಮೆಂಟ್ ಹಾಕಿದ್ರೂ ಸ್ಲ್ಯಾಬ್ ಬಿರುಕು ಬಿಡುತ್ತೆ. ಆಪರೇಷನ್ ಅನ್ನೋದು ಮೌಲ್ಡ್ ಹಾಕಿದ ದಿನ. ಫಿಸಿಯೋಥೆರಪಿ ಅನ್ನೋದು ಕ್ಯೂರಿಂಗ್.

ಒಂದು ವ್ಯತ್ಯಾಸ ಇದೆ, ಅದು ಇನ್ನೂ ಮುಖ್ಯ. ಕಾಂಕ್ರೀಟ್ ಗಟ್ಟಿಯಾಗೋವರೆಗೆ ಅದರ ಮೇಲೆ ಭಾರ ಹಾಕಬಾರದು. ಮೂಳೆ ಹಾಗಲ್ಲ. ಸರಿಯಾದ ಸಮಯಕ್ಕೆ, ಸರಿಯಾದ ಅಳತೆಯಲ್ಲಿ ಭಾರ ಬಿದ್ದರೇನೇ ಅದು ಗಟ್ಟಿಯಾಗೋದು. ಜೂಲಿಯಸ್ ವುಲ್ಫ್ ಅಂತ ಒಬ್ಬ ಜರ್ಮನ್ ಶಸ್ತ್ರಚಿಕಿತ್ಸಕ 1892ರಲ್ಲೇ ಇದನ್ನ ಬರೆದಿಟ್ಟಿದ್ದಾನೆ. ಯಾವ ದಿಕ್ಕಿನಲ್ಲಿ ಭಾರ ಬೀಳುತ್ತೋ ಆ ದಿಕ್ಕಿಗೆ ತಕ್ಕಂತೆ ಮೂಳೆ ತನ್ನನ್ನ ತಾನೇ ಕಟ್ಟಿಕೊಳ್ಳುತ್ತೆ. ಭಾರವೇ ಇಲ್ಲದಿದ್ದರೆ ಕರಗುತ್ತೆ. ನಾನು ಕಾಲೇಜಿನಲ್ಲಿ ಉಕ್ಕಿನ ಬಗ್ಗೆ ಓದಿದವನು. ಭಾರ ಹೊತ್ತೂ ಹೊತ್ತೂ ಉಕ್ಕು ದಣಿಯುತ್ತೆ. ಮೂಳೆ ಭಾರ ಹೊತ್ತು ಬಲಿಯುತ್ತೆ. ಇಂಥ ವಸ್ತು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ!

ಸಾಕ್ಷಿ ಬೇಕಾ? ಬಾಹ್ಯಾಕಾಶಕ್ಕೆ ಹೋಗಿ. ಅಲ್ಲಿ ದೇಹಕ್ಕೆ ಭಾರವೇ ಇಲ್ಲ. ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸೊಂಟ, ಕಾಲುಗಳ ಮೂಳೆ ಸವೆಯುತ್ತೆ. ಅದಕ್ಕೇ ಅಂತರಿಕ್ಷ ನಿಲ್ದಾಣದಲ್ಲಿ ಗಗನಯಾತ್ರಿಗಳು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡ್ತಾರೆ. ನಮ್ಮ ಶುಭಾಂಶು ಶುಕ್ಲಾ ಅಲ್ಲಿದ್ದದ್ದು ಕೇವಲ 18 ದಿನ. 2025ರ ಜುಲೈ 15ಕ್ಕೆ ಭೂಮಿಗೆ ಇಳಿದ ಮೇಲೆ ಅವರಿಗೂ ಪುನಶ್ಚೇತನ ಚಿಕಿತ್ಸೆ ಬೇಕಾಯ್ತು. ಹಾಗಿದ್ರೆ ಮೂರು ತಿಂಗಳು ಮಂಚದ ಮೇಲೆ ಮಲಗಿದ ನಮ್ಮ ಮಾವ?

ಮೂಳೆ ಕೂಡುವ ಲೆಕ್ಕ ಹೀಗಿರುತ್ತೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿ ಊತ ಬರುತ್ತೆ. ಎರಡು-ಮೂರು ವಾರದಲ್ಲಿ ಮೆತ್ತನೆಯ ಗಂಟು ಕಟ್ಟುತ್ತೆ. ಆಮೇಲಿನ ವಾರಗಳಲ್ಲಿ ಅದು ಗಟ್ಟಿ ಮೂಳೆಯಾಗುತ್ತೆ. ಅದು ತಿದ್ದಿಕೊಂಡು ಮೊದಲಿನ ಆಕಾರಕ್ಕೆ ಬರೋಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಒಳಗಿರುವ ರಾಡ್ ಏನು ಮಾಡುತ್ತೆ? ಅದು ಸೆಂಟ್ರಿಂಗ್ ಕಂಬ ಇದ್ದ ಹಾಗೆ. ಹಿಡಿದುಕೊಂಡಿರುತ್ತೆ, ಅಷ್ಟೇ.

ಮೂಳೆ ತನ್ನ ಪಾಡಿಗೆ ಕೂಡುತ್ತಿರುವಾಗ ಸುತ್ತಲಿನ ಸಾಮಾನು ಕೆಡುತ್ತಾ ಇರುತ್ತೆ. ಸ್ನಾಯು ಬಳಕೆ ಇಲ್ಲದೆ ಸೊರಗುತ್ತೆ. ಕೀಲಿನೊಳಗೆ ಅಂಟು ಕಟ್ಟುತ್ತೆ. ಮಳೆಗಾಲವಿಡೀ ತೆಗೆಯದೇ ಬಿಟ್ಟ ಗೇಟಿನ ಕೀಲು ನೋಡಿದ್ದೀರಲ್ಲ, ಹಾಗೆ. ಅತ್ತೆ ಪ್ರೀತಿಯಿಂದ ಇಟ್ಟ ದಿಂಬು ಮಂಡಿಯನ್ನ ಸ್ವಲ್ಪ ಮಡಚಿದ ಸ್ಥಿತಿಯಲ್ಲೇ ಇಟ್ಟಿತ್ತು. ಮೂರು ತಿಂಗಳಲ್ಲಿ ಮಂಡಿ ಅದನ್ನೇ ಅಭ್ಯಾಸ ಮಾಡಿಕೊಂಡಿತು. ಎಕ್ಸ್-ರೇಯಲ್ಲಿ ಕಾಣೋದು ಮೂಳೆ. ಅಂಟು ಕಾಣಲ್ಲ, ಸೊರಗಿದ ಸ್ನಾಯು ಕಾಣಲ್ಲ, ಭಯ ಅಂತೂ ಕಾಣೋದೇ ಇಲ್ಲ. ಮಾವನ ಪ್ರಶ್ನೆಗೆ ಉತ್ತರ ಇದೇ.

ಈಗ ನಿಮಗೆಲ್ಲ ಗೊತ್ತಿರೋ ಒಂದು ಕೇಸ್ ಹೇಳ್ತೀನಿ. 2022ರ ಡಿಸೆಂಬರ್ 30. ಬೆಳಗಿನ ಜಾವ ರೂರ್ಕಿ ಹತ್ತಿರ ಕ್ರಿಕೆಟಿಗ ರಿಷಭ್ ಪಂತ್ ಅವರ ಕಾರು ಡಿವೈಡರ್‌ಗೆ ಬಡಿದು ಹೊತ್ತಿ ಉರೀತು. ಆ ದೃಶ್ಯವನ್ನ ನಾವೆಲ್ಲ ಚಾನೆಲ್‌ನವರು ಇಡೀ ದಿನ ತೋರಿಸಿದ್ವಿ. ಹಣೆ ಮೇಲೆ ಎರಡು ಸೀಳುಗಾಯ, ಬಲ ಮಂಡಿಯ ಲಿಗಮೆಂಟ್ ಹರಿದಿದೆ, ಮಣಿಕಟ್ಟು, ಪಾದದ ಕೀಲು, ಬೆರಳಿಗೆ ಪೆಟ್ಟು, ಬೆನ್ನು ತರಚಿದೆ ಅಂತ ಬಿಸಿಸಿಐ ಹೇಳಿತು. ಜನವರಿಯಲ್ಲಿ ಮುಂಬೈನಲ್ಲಿ ಶಸ್ತ್ರಚಿಕಿತ್ಸೆ ಆಯ್ತು. ಅಲ್ಲಿಗೆ ನಮ್ಮ ಕ್ಯಾಮೆರಾಗಳು ವಾಪಸ್.

ಅಸಲಿ ಕೆಲಸ ಶುರುವಾಗಿದ್ದು ಆಮೇಲೆ. ಅದರ ಬಹುಪಾಲು ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಫೆಬ್ರವರಿಯಲ್ಲಿ ಎರಡು ಊರುಗೋಲು ಹಿಡಿದು ನಿಂತ ಫೋಟೋ ಬಂತು. ಮಾರ್ಚಿನಲ್ಲಿ ಈಜುಕೊಳದ ನೀರಿನಲ್ಲಿ ಹೆಜ್ಜೆ ಹಾಕುವ ವಿಡಿಯೋ. ನೀರೇ ಯಾಕೆ? ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲೆ ಬೀಳುವ ಭಾರ ಅರ್ಧಕ್ಕಿಂತ ಕಡಿಮೆ. ಆರ್ಕಿಮಿಡೀಸ್ ನಿಯಮ, ಹೈಸ್ಕೂಲಿನಲ್ಲಿ ಓದಿದ್ದು! ಮೇ ತಿಂಗಳಲ್ಲಿ ಊರುಗೋಲು ಬಿಟ್ಟರು. ಅದಾದ ಮೇಲೂ ಆ ವರ್ಷದ ವಿಶ್ವಕಪ್ ಆಡೋಕಾಗಲಿಲ್ಲ. 2024ರ ಮಾರ್ಚ್ 23ಕ್ಕೆ ಐಪಿಎಲ್‌ನಲ್ಲಿ ಮೈದಾನಕ್ಕೆ ಇಳಿದರು. ಜೂನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ಶತಕ. ಅಪಘಾತದಿಂದ ಮೊದಲ ಪಂದ್ಯದವರೆಗೆ ಎಷ್ಟು ದಿನ ಗೊತ್ತಾ? 449 ದಿನ.

ನೀವು ಕೇಳಬಹುದು, 'ಅವರಿಗೇನ್ರೀ, ಕೋಟಿಗಟ್ಟಲೆ ದುಡ್ಡು, ಜೊತೆಗೆ ಫಿಸಿಯೋಗಳ ತಂಡ. ನಮಗೆಲ್ಲಿ?' ನಿಜ. ಆದ್ರೆ ಇನ್ನೊಂದು ಕಡೆಯಿಂದ ನೋಡಿ. ಇಪ್ಪತ್ತೈದು ವರ್ಷದ, ಗಟ್ಟಿಮುಟ್ಟಾದ ಕ್ರೀಡಾಪಟುವಿಗೇ ಅಷ್ಟು ದಿನ ಬೇಕಾಯ್ತು. ಐವತ್ತೆಂಟು ವರ್ಷದ ಕೊಬ್ಬರಿ ವ್ಯಾಪಾರಿಗೆ 'ರೆಸ್ಟ್ ಮಾಡಿ, ತಾನಾಗೇ ಸರಿಹೋಗುತ್ತೆ' ಅಂತ ನಾನು ಯಾವ ಧೈರ್ಯದ ಮೇಲೆ ಹೇಳಿದ್ದೆ?

ಫಿಸಿಯೋಥೆರಪಿ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗೋದು 'ಕರೆಂಟ್ ಕೊಡೋದು'. ಕ್ಲಿನಿಕ್‌ಗೆ ಹೋಗಿ, ವೈರ್ ಅಂಟಿಸಿಕೊಂಡು, ಇಪ್ಪತ್ತು ನಿಮಿಷ ಜುಮ್ ಜುಮ್ ಅನ್ನಿಸಿಕೊಂಡು ಬರೋದು. ಆ ಯಂತ್ರಗಳು ನೋವನ್ನ ಸ್ವಲ್ಪ ಹೊತ್ತು ತಗ್ಗಿಸಬಹುದು. ನೋವು ತಗ್ಗಿದಾಗ ವ್ಯಾಯಾಮ ಸುಲಭ. ಆದ್ರೆ ನಿಮ್ಮ ಬದಲು ಯಂತ್ರ ನಡೆಯೋಕಾಗಲ್ಲ. ಫಿಸಿಯೋಥೆರಪಿಯ ತಿರುಳು ವ್ಯಾಯಾಮ. ಅದರ ದೊಡ್ಡ ಪಾಲು ಮನೆಯಲ್ಲೇ ಆಗಬೇಕು, ಟವೆಲ್, ಕುರ್ಚಿ, ಗೋಡೆ, ಮೆಟ್ಟಿಲು ಇಟ್ಟುಕೊಂಡು.

ಎಷ್ಟು ಬೇಗ ಶುರು? ಆಪರೇಷನ್ ಆದ ಮಾರನೇ ದಿನವೇ ಶುರುವಾಗಬಹುದು. ಮಲಗಿದಲ್ಲೇ ಪಾದವನ್ನ ಮೇಲೆ ಕೆಳಗೆ ಆಡಿಸೋದು. ಕಾರಿನ ಆಕ್ಸಿಲರೇಟರ್ ಒತ್ತಿ ಬಿಟ್ಟ ಹಾಗೆ. ಸಣ್ಣ ಕೆಲಸ ಅನ್ನಿಸುತ್ತೆ. ಆದ್ರೆ ಮೀನಖಂಡ ಅನ್ನೋದು ಕಾಲಿನ ರಕ್ತವನ್ನ ಮೇಲಕ್ಕೆ ತಳ್ಳುವ ಪಂಪು. ಅದು ನಿಂತರೆ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಎರಡನೆಯದು, ಮಂಡಿ ಕೆಳಗೆ ಸುತ್ತಿದ ಸಣ್ಣ ಟವೆಲ್ ಇಟ್ಟು, ಮಂಡಿಯಿಂದ ಅದನ್ನ ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡೋದು. ಮೂಳೆ ಕದಲಲ್ಲ, ತೊಡೆ ಸ್ನಾಯು ಎಚ್ಚರವಾಗಿರುತ್ತೆ. ವ್ಯಾಯಾಮ ಮುಗಿದ ಮೇಲೆ ಟವೆಲ್ ತೆಗೆಯೋದು ಮರೀಬೇಡಿ. ಅಲ್ಲೇ ಬಿಟ್ಟರೆ ಅದೂ ಅತ್ತೆಯ ದಿಂಬೇ.

ಕಾರು ಅಪಘಾತದ ಗಾಯಗಳು ಒಂದೇ ಥರ ಇರಲ್ಲ. ಮುಂದೆ ಕೂತವರ ಮಂಡಿ ಡ್ಯಾಶ್‌ಬೋರ್ಡ್‌ಗೆ ಬಡಿದರೆ, ಆ ಹೊಡೆತ ತೊಡೆ ಮೂಳೆಯ ಉದ್ದಕ್ಕೂ ಹೋಗಿ ಸೊಂಟದ ಕೀಲನ್ನೇ ಹಿಂದಕ್ಕೆ ಜಾರಿಸಬಹುದು. ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚಿ ಕೂರೋ ಅಭ್ಯಾಸ ಇರುವವರು ಇವತ್ತೇ ಬಿಡಿ. ಸೀಟ್ ಬೆಲ್ಟ್ ಜೀವ ಉಳಿಸುತ್ತೆ, ಹಾಕಲೇಬೇಕು. ಜೋರಾದ ಡಿಕ್ಕಿಯಲ್ಲಿ ಅದೇ ಬೆಲ್ಟ್ ಒತ್ತಿ ಪಕ್ಕೆಲುಬು ಬಿರುಕು ಬಿಡಲೂಬಹುದು. ಆಗ ಉಸಿರೆಳೆದರೆ ನೋವು. ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡ್ತೀವಿ. ಕಫ ಒಳಗೇ ಉಳಿದು ನ್ಯುಮೋನಿಯಾ ಆಗುವ ಸಂಭವ. ಆಸ್ಪತ್ರೆಯಲ್ಲಿ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರೆಳೆದು ಚೆಂಡು ಏರಿಸಿ ಅಂತಾರಲ್ಲ, ಅದು ಇದಕ್ಕೇ. ಮನೆಗೆ ತಂದು ಮೊಮ್ಮಗನಿಗೆ ಆಟಕ್ಕೆ ಕೊಡಬೇಡಿ. ಕೆಮ್ಮುವಾಗ ಎದೆಗೆ ದಿಂಬು ಅಪ್ಪಿಕೊಳ್ಳಿ. ದಿಂಬು ಇಲ್ಲಿ ಒಳ್ಳೇದು!

ಇನ್ನು ಬೆಂಗಳೂರಿನವರಿಗೆ ಚೆನ್ನಾಗಿ ಪರಿಚಯ ಇರೋ ಪೆಟ್ಟು. ಸಿಗ್ನಲ್‌ನಲ್ಲಿ ನಿಂತಿದ್ದೀರಿ, ಹಿಂದಿನಿಂದ ಒಬ್ಬ ಬಂದು ಗುದ್ದಿದ. ಕಾರು, ಸೀಟು, ಮೈ ಎಲ್ಲ ಮುಂದಕ್ಕೆ ಹೋಯ್ತು, ತಲೆ ಮಾತ್ರ ಇದ್ದಲ್ಲೇ ಉಳಿದು ಆಮೇಲೆ ಚಾಟಿಯ ತುದಿಯ ಹಾಗೆ ಬೀಸಿತು. ಬಂಪರ್‌ಗೆ ಎಷ್ಟು ಅಂತ ಜಗಳ ಆಡಿ ಮನೆಗೆ ಬರ್ತೀರಿ. ಮಾರನೇ ಬೆಳಗ್ಗೆ ಕುತ್ತಿಗೆ ತಿರುಗಲ್ಲ. ಮೊದಲೆಲ್ಲ ಇದಕ್ಕೆ ವಾರಗಟ್ಟಲೆ ಕಾಲರ್ ಹಾಕಿಸ್ತಿದ್ದರು. ಈಗ ಹಾಗಲ್ಲ. ಮೂಳೆ ಮುರಿದಿಲ್ಲ, ನರಕ್ಕೆ ಪೆಟ್ಟಾಗಿಲ್ಲ ಅಂತ ವೈದ್ಯರು ಖಾತ್ರಿ ಮಾಡಿದ ಮೇಲೆ, ಮೆಲ್ಲಗೆ ಕುತ್ತಿಗೆ ಆಡಿಸೋದನ್ನ ಬೇಗ ಶುರು ಮಾಡಿ ಅಂತಾರೆ. ಇವತ್ತು ಕಾರಿಗೆ ಹತ್ತಿದಾಗ ಒಂದು ಕೆಲಸ ಮಾಡಿ, ಹೆಡ್‌ರೆಸ್ಟ್ ನಿಮ್ಮ ತಲೆಯ ಮಟ್ಟಕ್ಕೆ ಇದೆಯಾ ನೋಡಿ. ಕುತ್ತಿಗೆ ಮಟ್ಟಕ್ಕಿದ್ದರೆ ಅದರಿಂದ ಪ್ರಯೋಜನ ಇಲ್ಲ.

ತಿಪಟೂರಿಗೆ ವಾಪಸ್ ಬರೋಣ. ಕೊನೆಗೂ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ಬಿಪಿಟಿ ಓದಿ ಎರಡು ವರ್ಷ ಆಗಿದ್ದ ಹುಡುಗಿ. ಮೊದಲ ದಿನ ಬಂದವರೇ ದಿಂಬು ತೆಗೆದು ಅತ್ತೆ ಕೈಗೆ ಕೊಟ್ಟು, "ಅಮ್ಮಾ, ಇವತ್ತಿಂದ ಇದು ತಲೆ ಕೆಳಗೆ ಮಾತ್ರ" ಅಂದರು. ಸುತ್ತಿದ ಟವೆಲನ್ನ ಹಿಮ್ಮಡಿ ಕೆಳಗೆ ಇಟ್ಟರು. ಮಂಡಿ ತನ್ನ ಭಾರಕ್ಕೇ ಮೆಲ್ಲಗೆ ನೆಟ್ಟಗಾಗಲಿ ಅಂತ. ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕೋನಮಾಪಕ ತೆಗೆದರು. ನಮ್ಮ ಜಾಮೆಟ್ರಿ ಬಾಕ್ಸ್‌ನಲ್ಲಿ ಇರ್ತಿತ್ತಲ್ಲ, ಅದಕ್ಕೆ ಎರಡು ಕೈ ಬಂದ ಹಾಗೆ. ಮಂಡಿ ಎಷ್ಟು ಡಿಗ್ರಿ ಮಡಚುತ್ತೆ ಅಂತ ಅಳೆದು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದರು. 50.

ಆ ಡಿಗ್ರಿಗಳ ಅರ್ಥ ನನಗೆ ಗೊತ್ತಾಗಿದ್ದು ಅವತ್ತು. ಸಮತಟ್ಟಾದ ನೆಲದಲ್ಲಿ ಸರಾಗವಾಗಿ ನಡೆಯೋಕೆ ಮಂಡಿ ಸುಮಾರು 60ರಿಂದ 70 ಡಿಗ್ರಿ ಮಡಚಬೇಕು. ಮೆಟ್ಟಿಲು ಹತ್ತಿ ಇಳಿಯೋಕೆ ಸುಮಾರು 90. ಕುರ್ಚಿಯಿಂದ ಕೈ ಊರದೆ ಏಳೋಕೆ ಇನ್ನೂ ಸ್ವಲ್ಪ ಜಾಸ್ತಿ. ಕುಕ್ಕರಗಾಲಲ್ಲಿ ಕೂರಬೇಕು, ಅಂದ್ರೆ ಇಂಡಿಯನ್ ಟಾಯ್ಲೆಟ್ ಬಳಸಬೇಕು ಅಂದ್ರೆ 120 ದಾಟಬೇಕು. ಒಂದೊಂದು ಹತ್ತು ಡಿಗ್ರಿಯೂ ಮನುಷ್ಯ ಇನ್ನೊಬ್ಬರನ್ನ ಕರೆಯದೆ ತಾನೇ ಮಾಡಿಕೊಳ್ಳೋ ಒಂದೊಂದು ಕೆಲಸ.

ಮಾವ ಬೈತಿದ್ದರು. ನೋವಾಗ್ತಿತ್ತು. 'ಆ ಹುಡುಗಿ ಬಂದ್ರೆ ಬಾಗಿಲು ಹಾಕ್ಬಿಡಿ' ಅಂತಿದ್ದರು. ನೋವು ಬಂದ್ರೆ ನಿಲ್ಲಿಸಬೇಕಾ? ಇದು ಎಲ್ಲರ ಪ್ರಶ್ನೆ. ಆಕೆ ಹೇಳಿದ ಲೆಕ್ಕ ಸರಳವಾಗಿತ್ತು. ವ್ಯಾಯಾಮ ಮಾಡುವಾಗ ಎಳೆದ ಹಾಗೆ ನೋವಾಗಿ, ಸ್ವಲ್ಪ ಹೊತ್ತಿನಲ್ಲಿ ತಣ್ಣಗಾದ್ರೆ ಹೆದರಬೇಡಿ. ಮಾರನೇ ದಿನವೂ ನೋವು ಹೆಚ್ಚಾಗೇ ಇದ್ದು ಮಂಡಿ ಊದಿಕೊಂಡರೆ, ನಿನ್ನೆ ಜಾಸ್ತಿ ಆಯ್ತು ಅಂತ ಅರ್ಥ, ಇವತ್ತು ಕಡಿಮೆ ಮಾಡಿ. ಆದ್ರೆ ಕೆಲವಕ್ಕೆ ಕಾಯೋ ಹಾಗೇ ಇಲ್ಲ. ಮೀನಖಂಡ ಊದಿ ಬಿಸಿಯಾಗಿ ನೋಯೋದು, ಇದ್ದಕ್ಕಿದ್ದಂತೆ ಏದುಸಿರು, ಗಾಯದಿಂದ ಕೀವು, ಜ್ವರ, ಹೊಸದಾಗಿ ಮರಗಟ್ಟುವುದು, ಮೂತ್ರದ ಮೇಲೆ ಹಿಡಿತ ತಪ್ಪೋದು. ಇವುಗಳಲ್ಲಿ ಒಂದು ಕಂಡರೂ ನೇರವಾಗಿ ಆಸ್ಪತ್ರೆಗೆ.

ಇನ್ನೊಂದು ಎಚ್ಚರಿಕೆ. ಬಿಗಿದ ಕೀಲು ಸಡಿಲ ಆಗಲಿ ಅಂತ ಯಾರ ಕೈಲೋ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸೋದು, ಹಿಡಿದು ಎಳೆಸೋದು ಬೇಡ. ಅದರಲ್ಲೂ ಮೊಣಕೈ ಪೆಟ್ಟಾದಾಗ ಹೀಗೆ ತಿಕ್ಕಿದ್ರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಶಾಶ್ವತವಾಗಿ ಬಿಗಿದುಕೊಳ್ಳಬಹುದು.

ನಡೆಯೋಕೆ ಶುರು ಮಾಡುವಾಗಲೂ ಲೆಕ್ಕ ಇದೆ. ಎಷ್ಟು ಭಾರ ಹಾಕಬಹುದು ಅಂತ ಹೇಳಬೇಕಾದವರು ಆಪರೇಷನ್ ಮಾಡಿದ ವೈದ್ಯರು. '20 ಕೆಜಿ ಹಾಕಿ' ಅಂದ್ರೆ ಗೊತ್ತಾಗೋದು ಹೇಗೆ? ತೂಕದ ಯಂತ್ರದ ಮೇಲೆ ಆ ಕಾಲಿಟ್ಟು ಮುಳ್ಳು 20ಕ್ಕೆ ಬರೋವರೆಗೆ ಒತ್ತಿ ನೋಡಿ. ಹತ್ತು ಸಲ ಮಾಡಿದ್ರೆ ಕಾಲಿಗೇ ಅಂದಾಜು ಸಿಗುತ್ತೆ. ಒಂದೇ ಕೋಲು ಹಿಡಿಯೋ ಹಂತಕ್ಕೆ ಬಂದಾಗ, ಯಾವ ಕೈಯಲ್ಲಿ ಹಿಡೀಬೇಕು? ಹೆಚ್ಚಿನವರು ಪೆಟ್ಟಾದ ಕಾಲಿನ ಕಡೆಗೇ ಹಿಡೀತಾರೆ. ತಪ್ಪು. ಎಡಗಾಲು ಪೆಟ್ಟಾಗಿದ್ರೆ ಕೋಲು ಬಲಗೈಯಲ್ಲಿರಬೇಕು. ಎಡಗಾಲ ಮೇಲೆ ನಿಂತಾಗ ಮೈ ಬಲಕ್ಕೆ ವಾಲುತ್ತೆ, ಬಲಗಡೆಯ ಕೋಲು ಅದನ್ನ ದೂರದಿಂದ ತಡೆಯುತ್ತೆ. ಹಾರೆ ಉದ್ದ ಇದ್ದಷ್ಟೂ ಕಲ್ಲು ಎತ್ತೋದು ಸುಲಭ ಅಲ್ವಾ, ಅದೇ ತತ್ವ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಈಗ ದುಡ್ಡಿನ ಮಾತು. 2016ರಲ್ಲಿ ನೆಲಮಂಗಲ ಬಳಿ ಅಪಘಾತದಲ್ಲಿ ಸಾಯುವ ಮುನ್ನ ಅಂಗಾಂಗ ದಾನ ಮಾಡಿ ಅಂದ ಹರೀಶ್ ನೆನಪಿದ್ದಾರಾ? ಅವರ ಹೆಸರಿನಲ್ಲಿ ನಮ್ಮ ರಾಜ್ಯ ಸರ್ಕಾರ ತಂದ ಸಾಂತ್ವನ ಯೋಜನೆ, ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಅಂತ ಹೇಳಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಅಧಿಸೂಚನೆ ಹೊರಡಿಸಿತು. ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ, ಗರಿಷ್ಠ 7 ದಿನ. ಎರಡೂ ಒಳ್ಳೆಯ ಯೋಜನೆ. ಜೀವ ಉಳಿಯೋದು ಆ ಹೊತ್ತಿನಲ್ಲೇ. ಆದ್ರೆ ಎಂಟನೇ ದಿನ? ಪಂತ್‌ಗೆ ಬೇಕಾಗಿದ್ದು 449 ದಿನ ಅಂದೆನಲ್ಲ. ಸರ್ಕಾರ ಇರಲಿ, ಸುದ್ದಿ ಚಾನೆಲ್ ಇರಲಿ, ಮನೆಯವರಿರಲಿ, ನಾವೆಲ್ಲರೂ ಲೆಕ್ಕ ನಿಲ್ಲಿಸೋದು ಮೊದಲ ವಾರಕ್ಕೆ.

ಹಾಗಾಗಿ ನೀವೇ ಹುಷಾರಾಗಿರಬೇಕು. ಡಿಸ್ಚಾರ್ಜ್ ಆದ ಮೇಲಿನ ಖರ್ಚಿಗೆ ನಿಮ್ಮ ಆರೋಗ್ಯ ವಿಮೆ ಎಷ್ಟು ದಿನ ಹಣ ಕೊಡುತ್ತೆ ಅಂತ ಪಾಲಿಸಿ ತೆಗೆದು ನೋಡಿ. ಅದರಲ್ಲಿ ಫಿಸಿಯೋಥೆರಪಿ ಸೇರಿದೆಯಾ ಅಂತ ಕೇಳಿ, ವೈದ್ಯರಿಂದ ಚೀಟಿ ಬರೆಸಿಕೊಳ್ಳಿ. ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದ್ರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗ ವಿಚಾರಿಸಿ. ದಿನಾ ಹೋಗೋಕಾಗದಿದ್ರೆ ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಕಲಿತು, ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ.

ಪ್ರತಿಯೊಂದು ಬಿಲ್ಲನ್ನೂ ಎತ್ತಿಡಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆಸ್ಪತ್ರೆ ಖರ್ಚಷ್ಟೇ ಅಲ್ಲ, ಮುಂದಿನ ಚಿಕಿತ್ಸೆ, ಕಳೆದುಕೊಂಡ ದುಡಿಮೆಗೂ ಪರಿಹಾರ ಕೇಳಬಹುದು. ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟವಾಗಿ ಹೇಳಿದೆ. ಅಂಗಕ್ಕೆ ಎಷ್ಟು ಶೇಕಡಾ ಊನ ಅನ್ನೋದನ್ನೇ ದುಡಿಮೆಯ ನಷ್ಟ ಅಂತ ಯಾಂತ್ರಿಕವಾಗಿ ಎಣಿಸುವಂತಿಲ್ಲ, ಆ ವ್ಯಕ್ತಿಯ ಕಸುಬಿಗೆ ಅದರಿಂದ ಏನಾಯ್ತು ಅಂತ ನೋಡಬೇಕು. ಕೈ ಕಳೆದುಕೊಂಡ ಗುಮಾಸ್ತನ ನಷ್ಟ ಬೇರೆ, ಕೈ ಕಳೆದುಕೊಂಡ ಡ್ರೈವರ್ ಅಥವಾ ಬಡಗಿಯ ನಷ್ಟ ಬೇರೆ. ಫಿಸಿಯೋಥೆರಪಿಸ್ಟ್ ಬರೆದಿಡುವ ಆ ಡಿಗ್ರಿಗಳು ನಿಮ್ಮ ವಕೀಲರಿಗೂ ಬೇಕಾಗಬಹುದು.

ಮನಸ್ಸಿಗೂ ಪೆಟ್ಟಾಗಿರುತ್ತೆ. ಮಾವ ಇವತ್ತಿಗೂ ಕಾರಿನ ಮುಂದಿನ ಸೀಟಿನಲ್ಲಿ ಕೂತರೆ, ಎದುರಿಗೆ ಲಾರಿ ಬಂದಾಗ ಬಲಗಾಲಲ್ಲಿ ಇಲ್ಲದ ಬ್ರೇಕ್ ಒತ್ತುತ್ತಾರೆ. ನಿದ್ದೆ ಬಾರದೆ, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರ್ತಾ ಇದ್ದರೆ ಹೇಳಿಕೊಳ್ಳೋಕೆ ನಾಚಿಕೆ ಬೇಡ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ.

ಏಳು ತಿಂಗಳು ಬೇಕಾಯ್ತು. ಕ್ಯಾಲೆಂಡರ್‌ನ ಹಾಳೆ ಹಾಳೆಯಲ್ಲೂ ಸಂಖ್ಯೆಗಳು. 50, 58, 65, ಒಂದು ತಿಂಗಳು ಪೂರ್ತಿ 72ರಲ್ಲೇ ನಿಂತಿತ್ತು, ಆಮೇಲೆ 90, ಕೊನೆಗೆ 110. ಮಾವ ಈಗ ನಡೀತಾರೆ, ಮಂಡಿಗೆ ಹೋಗ್ತಾರೆ, ಕೊಬ್ಬರಿ ಹರಾಜು ನೋಡ್ತಾರೆ. ಬಾಗಿಲು ಹಾಕಿ ಅಂದಿದ್ದ ಹುಡುಗಿಯ ಮದುವೆಗೆ ಎಲ್ಲರಿಗಿಂತ ಮುಂಚೆ ಹೋಗಿದ್ದು ಅವರೇ.

110ರಿಂದ ಮುಂದಕ್ಕೆ ಹೋಗಲಿಲ್ಲ. ಮೊದಲ ಮೂರು ತಿಂಗಳು ಕಳೆದುಕೊಂಡದ್ದರ ಬೆಲೆ ಅದು. ತುಮಕೂರಿಗೆ ಹೋದಾಗೆಲ್ಲ ಸಿದ್ಧಗಂಗಾ ಮಠದಲ್ಲಿ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪ್ರಸಾದ ಉಣ್ಣೋದು ಅವರ ಅಭ್ಯಾಸ. ಈಗ ನೆಲದ ಮೇಲೆ ಕೂರೋಕಾಗಲ್ಲ. ಕಳೆದ ಸಲ ನಾನೂ ಜೊತೆಗಿದ್ದೆ. ತಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕಟ್ಟೆ ಮೇಲೆ ಕೂತರು. ನಾನು ಕೆಳಗೆ ಕೂತಿದ್ದೆ. ಅವರು ಏನೂ ಹೇಳಲಿಲ್ಲ. ನನಗೆ ತುತ್ತು ಇಳಿಯಲಿಲ್ಲ.

ವೀಕ್ಷಕರೇ, ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಅಪಘಾತವಾಗಿ ಮಲಗಿದವರು ಇದ್ದರೆ, ಹಣ್ಣು ತಗೊಂಡು ಹೋಗಿ, ಬೇಡ ಅನ್ನಲ್ಲ. ಆದ್ರೆ 'ರೆಸ್ಟ್ ಮಾಡಿ' ಅಂದು ಎದ್ದು ಬರಬೇಡಿ. ಡಿಸ್ಚಾರ್ಜ್ ಸಮ್ಮರಿ ಕೇಳಿ, ಕೊನೆಯ ಸಾಲು ಓದಿ. ಆಪರೇಷನ್ ಮಾಡಿದ ವೈದ್ಯರನ್ನ ಮೂರೇ ಪ್ರಶ್ನೆ ಕೇಳಿಸಿ. ಯಾವತ್ತಿಂದ ಕೀಲು ಆಡಿಸಬಹುದು? ಯಾವತ್ತಿಂದ, ಎಷ್ಟು ಭಾರ ಹಾಕಬಹುದು? ಇದನ್ನ ಕಲಿಸೋರು ಯಾರು? ಉತ್ತರವನ್ನ ಅದೇ ಹಾಳೆ ಮೇಲೆ ಬರೆಸಿಕೊಳ್ಳಿ. ಮಂಡಿ ಕೆಳಗೆ ದಿಂಬು ಕಂಡರೆ, ಅದನ್ನ ಯಾಕೆ ಇಟ್ಟಿದ್ದೀರಿ, ವೈದ್ಯರು ಹೇಳಿದ್ರಾ ಅಂತಲೂ ಕೇಳಿ.

ನಾಳೆ ಬುಲೆಟಿನ್‌ನಲ್ಲಿ ಆ ಸಾಲು ಮತ್ತೆ ಬರುತ್ತೆ. ನಾನೇ ಓದ್ತೀನಿ. 'ಪ್ರಾಣಾಪಾಯದಿಂದ ಪಾರು.' ಓದಿ ಅರ್ಧ ಸೆಕೆಂಡ್ ನಿಲ್ಲಿಸಿದ್ರೆ, ಪ್ರಾಂಪ್ಟರ್ ಕೆಟ್ಟಿದೆ ಅಂದ್ಕೋಬೇಡಿ. ಮಾವನ ಪ್ರಶ್ನೆ ನೆನಪಾಗಿರುತ್ತೆ.